ಮೊದಲ ಕಿಟಕಿಗೆ ಯಾವ ಭಾಷೆ?



ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ತಂಗಿಯ ಮೊಮ್ಮಗ ಮನೆಗೆ ಬಂದಿದ್ದ. ಬಿ.ಸಿ.ಎ. ಮೊದಲನೆಯ ವರ್ಷದಲ್ಲಿ ಓದುತ್ತಿರುವ ಹುಡುಗ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ ನನ್ನ ಬಳಿಗೆ ಬಂದು, "ಅಜ್ಜ, ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡಬೇಕು ಅಂತ ಇದ್ದೇನೆ. ಯಾವ ಭಾಷೆಯಿಂದ ಶುರು ಮಾಡಲಿ, ನೀವೇ ಹೇಳಿ" ಎಂದ. ಪ್ರಶ್ನೆ ಚಿಕ್ಕದು. ಆದರೆ ಅದನ್ನು ಕೇಳಿದೊಡನೆ ನನ್ನ ಕೈಯ ಅಡಕತ್ತರಿ ನಿಂತಿತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬ ಹುಡುಗ ನನ್ನಲ್ಲಿ ಕೇಳಿದ್ದ. ಅವನಿಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆದುದರಿಂದ ಈ ಸಲ ಕೂಡಲೆ ಉತ್ತರಿಸದೆ, "ಒಂದು ವಾರ ಸಮಯ ಕೊಡು" ಎಂದೆ. ಆ ಒಂದು ವಾರದಲ್ಲಿ ಯೋಚಿಸಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮಲ್ಲಿ ಹಲವರು ಇದೇ ಉದ್ಯೋಗದಲ್ಲಿದ್ದೀರಿ. ತಪ್ಪಿದ್ದರೆ ತಿದ್ದುವ ಹಕ್ಕು ನಿಮಗಿದೆ, ಹಿಂದೆ ನಿಮ್ಮನ್ನು ತಿದ್ದುವ ಹಕ್ಕು ನನಗಿದ್ದಂತೆ.

ಈ ವಿಷಯದ ಪರಿಚಯವಿಲ್ಲದ ಬಂಧುಗಳಿಗಾಗಿ ಒಂದು ವಿವರಣೆ. ಗಣಕಯಂತ್ರದ ಒಳಗೇ ನೆಲೆಸಿ, ತನ್ನದೇ ಕಿಟಕಿಯಲ್ಲಿ ತೆರೆದುಕೊಂಡು, ಅಂತರಜಾಲದ ಹಂಗಿಲ್ಲದೆ ಕೆಲಸ ಮಾಡುವ ತಂತ್ರಾಂಶಕ್ಕೆ ಡೆಸ್ಕ್‌ಟಾಪ್ ತಂತ್ರಾಂಶ ಎನ್ನುತ್ತಾರೆ. ಲೆಕ್ಕ ಬರೆಯುವ ಟ್ಯಾಲಿ ಅಂಥದು, ಕನ್ನಡ ಬರೆಯುವ ನುಡಿ, ಬರಹ ಅಂಥವು. ಎಲ್ಲವೂ ಮೊಬೈಲಿಗೆ ಮತ್ತು ಜಾಲತಾಣಗಳಿಗೆ ಹೋಗಿರುವ ಈ ಕಾಲದಲ್ಲಿ ಇದನ್ನು ಯಾರು ಬರೆಯುತ್ತಾರೆ ಎಂದು ಬೆಂಗಳೂರಿನಲ್ಲಿರುವವರು ಕೇಳಬಹುದು. ಆಷಾಢದಲ್ಲಿ ಒಮ್ಮೆ ನಮ್ಮ ಊರಿಗೆ ಬಂದು ನಾಲ್ಕು ದಿನ ಇದ್ದು ನೋಡಿ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋದರೆ, ಮೊಬೈಲ್ ಗೋಪುರವೂ ಕೆಲವು ಗಂಟೆಗಳಲ್ಲಿ ಮೌನವಾಗುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ತನ್ನಷ್ಟಕ್ಕೆ ನಡೆಯುವ ತಂತ್ರಾಂಶದ ಬೆಲೆ ಆಗ ತಿಳಿಯುತ್ತದೆ.

ಈಗ ಆ ಮೊದಲಿನ ಹುಡುಗನ ಕಥೆ. 2004ರ ಬೇಸಿಗೆ. ಅವನು ಎರಡನೆಯ ಪಿ.ಯು.ಸಿ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ. ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ಗಣಿತ ಕಲಿತವನು, ಚುರುಕು ಬುದ್ಧಿ. ಅವನ ತಂದೆಗೆ ಅಡಿಕೆ ಮಂಡಿ ಇತ್ತು. ರೈತನ ಹೆಸರು, ಊರು, ತಂದ ಮೂಟೆ, ತೂಕ, ರಾಶಿಯೋ ಬೆಟ್ಟೆಯೋ ಎಂಬ ವಿಂಗಡಣೆ, ದರ, ಕಮಿಷನ್, ಹಮಾಲಿ, ಮೊದಲೇ ಕೊಟ್ಟ ಮುಂಗಡ, ಇವೆಲ್ಲವನ್ನೂ ಉದ್ದನೆಯ ಕೆಂಪು ಬಟ್ಟೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಇದನ್ನು ಗಣಕಯಂತ್ರಕ್ಕೆ ಏರಿಸಬೇಕೆಂಬುದು ಹುಡುಗನ ಆಸೆ. ನಾನಾದರೋ ಅದರ ಹಿಂದಿನ ವರ್ಷವೇ ವಿಷುಯಲ್ ಬೇಸಿಕ್ ಆರನೆಯ ಆವೃತ್ತಿಯಲ್ಲಿ ನಮ್ಮ ಶಾಲೆಗೆ ಅಂಕಪಟ್ಟಿಯ ತಂತ್ರಾಂಶವೊಂದನ್ನು ಬರೆದು ಊರಲ್ಲೆಲ್ಲ ಹೆಸರು ಮಾಡಿದ್ದೆ. ಅವನು ಬಂದು, "ಸಾರ್, ಯಾವ ಭಾಷೆ ಕಲಿಯಲಿ?" ಎಂದು ಕೇಳಿದಾಗ ನನಗೆ ಗೊತ್ತಿದ್ದುದನ್ನೇ ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಅದಕ್ಕೆ ಕೆಲವು ತಿಂಗಳ ಹಿಂದೆ ಒಂದು ತರಬೇತಿಗೆ ಹೋಗಿದ್ದಾಗ ಉಪನ್ಯಾಸಕರೊಬ್ಬರು ವಿಷುಯಲ್ ಬೇಸಿಕ್ ಎಂದರೆ ಮಕ್ಕಳ ಆಟಿಕೆ ಎಂದು ನಕ್ಕಿದ್ದರು. ಆ ನಗೆ ನನ್ನನ್ನು ಚುಚ್ಚಿತ್ತು. ಆದುದರಿಂದ ಗಂಭೀರವಾಗಿ, "ಮೊದಲು ಸಿ ಪ್ಲಸ್ ಪ್ಲಸ್ ಕಲಿ. ಅದು ಬಾರದವನು ಪ್ರೋಗ್ರಾಮರನೇ ಅಲ್ಲ" ಎಂದುಬಿಟ್ಟೆ. ಆ ಭಾಷೆ ನನಗೇ ಬರುತ್ತಿರಲಿಲ್ಲ ಎಂಬುದನ್ನು ಇಂದು ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ಹುಡುಗ ಶಿವಮೊಗ್ಗಕ್ಕೆ ಹೋಗಿ ಇಟ್ಟಿಗೆಯಷ್ಟು ದಪ್ಪನೆಯ ಪುಸ್ತಕ ತಂದ. ಮೂರು ತಿಂಗಳು ಹೋರಾಡಿದ. ಕಪ್ಪು ಪರದೆಯ ಮೇಲೆ ಅಂಕಿಗಳನ್ನು ಕೂಡಿಸಿದ, ಪಾಯಿಂಟರ್‌ಗಳ ಅಧ್ಯಾಯದಲ್ಲಿ ಸಿಕ್ಕಿಕೊಂಡ. ಒಂದೇ ಒಂದು ಕಿಟಕಿಯನ್ನೂ ತೆರೆಯಲಾಗಲಿಲ್ಲ. "ನನಗೆ ಇದು ಒಗ್ಗುವುದಲ್ಲ ಸಾರ್" ಎಂದು ಹೇಳಿ ಬಿ.ಕಾಂ.ಗೆ ಸೇರಿದ. ಈಗ ಮಂಡಿಯನ್ನು ಅವನೇ ನಡೆಸುತ್ತಿದ್ದಾನೆ. ಹೊರಗಿನಿಂದ ಕೊಂಡ ತಂತ್ರಾಂಶ ಇದೆ, ಅದರಲ್ಲಿ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ಗೌಡ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಾಗಿ ಬರೆದು, ಒಬ್ಬನೇ ರೈತನಿಗೆ ಮೂರು ಖಾತೆಗಳಾಗಿ, ಒಂದರಲ್ಲಿ ಮುಂಗಡ, ಇನ್ನೊಂದರಲ್ಲಿ ಅಡಿಕೆ ಕೂತಿರುತ್ತದಂತೆ. ಎರಡು ವರ್ಷಗಳ ಹಿಂದೆ ಮದುವೆಯೊಂದರಲ್ಲಿ ಸಿಕ್ಕಿ ಇದನ್ನೆಲ್ಲ ನಗುತ್ತಲೇ ಹೇಳಿದ. "ನಿಮ್ಮ ಸಿ ಪ್ಲಸ್ ಪ್ಲಸ್ ಪುಸ್ತಕ ಇನ್ನೂ ಇದೆ ಸಾರ್. ಗಲ್ಲಾದ ಮೇಜು ಒಂದು ಕಡೆ ಕುಂಟುತ್ತಿತ್ತು, ಕಾಲಿನ ಕೆಳಗೆ ಇಟ್ಟಿದ್ದೇನೆ" ಎಂದ. ನಾನೂ ನಕ್ಕೆ. ಆದರೆ ಆ ದಿನ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಸಿ ಪ್ಲಸ್ ಪ್ಲಸ್ ಕೆಟ್ಟ ಭಾಷೆ ಎಂದು ಯಾರೂ ತಿಳಿಯಬಾರದು. ಬ್ಯಾರ್ನೆ ಸ್ಟ್ರೌಸ್‌ಟ್ರಪ್ ರೂಪಿಸಿದ ಆ ಭಾಷೆಯಲ್ಲೇ ಇಂದಿನ ಬ್ರೌಸರುಗಳು, ದೊಡ್ಡ ಆಟಗಳು, ಚಿತ್ರ ತಿದ್ದುವ ತಂತ್ರಾಂಶಗಳು ನಡೆಯುತ್ತಿವೆ. ಬರಿಯ ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ, ಬೇರೆ ಸಾಧನಗಳ ನೆರವಿಲ್ಲದೆ, ವಿಂಡೋಸ್‌ನ ಒಂದು ಖಾಲಿ ಕಿಟಕಿಯನ್ನು ತೆರೆಯಬೇಕಾದರೆ ಐವತ್ತು ಅರವತ್ತು ಸಾಲು ಬರೆಯಬೇಕು. ಪೈಥಾನಿನ ಟಿಕಿಂಟರ್‌ನಲ್ಲಿ ಮೂರು ಸಾಲು ಸಾಕು. ವಿಷುಯಲ್ ಬೇಸಿಕ್ಕಿನಲ್ಲಿ ಒಂದು ಸಾಲೂ ಬೇಡವಾಗಿತ್ತು, ಕಿಟಕಿ ಮೊದಲೇ ತೆರೆದಿರುತ್ತಿತ್ತು. ಆ ಹುಡುಗನಿಗೆ ಬೇಕಾಗಿದ್ದುದು ತಂದೆಯ ಕೆಂಪು ಪುಸ್ತಕ. ನಾನು ಅವನನ್ನು ಕಮ್ಮಾರಸಾಲೆಗೆ ಕಳುಹಿಸಿ, ಮೊದಲು ಕಬ್ಬಿಣ ಕಾಯಿಸಿ ಲೇಖನಿಯ ಮೊನೆ ಮಾಡಿಕೊಂಡು ಬಾ ಎಂದೆ.

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಇಷ್ಟಾದರೂ ತಿಳಿದಿರಬೇಕಿತ್ತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿಸಿದ ಮೇಲೆ ಮಗುವಿಗೆ ಅಮ್ಮ ಎನ್ನಲು ಕಲಿಸುವ ಪದ್ಧತಿ ಎಲ್ಲಿಯೂ ಇಲ್ಲ.

ತಂಗಿಯ ಮೊಮ್ಮಗನ ವಿಷಯಕ್ಕೆ ಬರೋಣ. ಒಂದು ವಾರದ ನಂತರ ಅವನು ಬಂದಾಗ ನಾನು ಭಾಷೆಯ ಹೆಸರನ್ನೇ ಎತ್ತಲಿಲ್ಲ. "ಯಾರಿಗಾಗಿ ಮಾಡುತ್ತಿ?" ಎಂದು ಕೇಳಿದೆ. "ಅಮ್ಮನಿಗೆ" ಎಂದ. ಅವನ ತಾಯಿ, ಎಂದರೆ ನನ್ನ ಸೋದರಸೊಸೆ, ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಹದಿನೈದು ಜನ ಸದಸ್ಯೆಯರು, ವಾರದ ಉಳಿತಾಯ, ಒಳಸಾಲ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯ ಬಡ್ಡಿ, ನಡಾವಳಿ ಪುಸ್ತಕ. ತಿಂಗಳ ಕೊನೆಯ ಎರಡು ರಾತ್ರಿ ಈ ಲೆಕ್ಕವನ್ನು ತಾಳೆ ಹಾಕುವುದರಲ್ಲೇ ಅವಳಿಗೆ ಬೆಳಗಾಗುತ್ತದೆ. ಮನೆಯಲ್ಲಿರುವುದು ವಿಂಡೋಸ್ 10ರ ಒಂದು ಹಳೆಯ ಲ್ಯಾಪ್‌ಟಾಪ್. ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲೇ ಮುಗಿದಿದೆ, ಆದರೂ ಯಂತ್ರ ನಡೆಯುತ್ತಿದೆ. ಅವಳಿಗೆ ಕನ್ನಡವಲ್ಲದೆ ಬೇರೆ ಭಾಷೆಯಲ್ಲಿ ಓದುವ ಅಭ್ಯಾಸವಿಲ್ಲ. ಇಷ್ಟು ತಿಳಿದ ಮೇಲೆ ಭಾಷೆಯ ಪ್ರಶ್ನೆ ಅರ್ಧ ಬಗೆಹರಿದಂತೆಯೇ. ಹೊಸಬರು ಮಾಡುವ ತಪ್ಪು ಇಲ್ಲಿಯೇ ಇದೆ. ಜಗತ್ತಿನಲ್ಲಿ ಯಾವ ಭಾಷೆ ಶ್ರೇಷ್ಠ ಎಂದು ಕೇಳುತ್ತಾರೆ, ಈ ಒಂದು ಕಿಟಕಿ ಯಾರ ಯಂತ್ರದಲ್ಲಿ ತೆರೆಯಬೇಕು ಎಂದು ಕೇಳುವುದಿಲ್ಲ. ಕೃತಕ ಬುದ್ಧಿಮತ್ತೆಯನ್ನೂ ಹುಡುಗ ಆಗಲೇ ಕೇಳಿ ಬಂದಿದ್ದ. ಅದು ಆರು ಭಾಷೆಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಗುಣದೋಷಗಳನ್ನು ಸಮನಾಗಿ ಹಂಚಿ, ಕೊನೆಯಲ್ಲಿ ಎಲ್ಲವೂ ನಿನ್ನ ಅಗತ್ಯವನ್ನು ಅವಲಂಬಿಸಿದೆ ಎಂದಿತಂತೆ. ಅವನು ತನ್ನ ಅಗತ್ಯವನ್ನೇ ಹೇಳಿರಲಿಲ್ಲ, ಪಾಪ ಅದು ಇನ್ನೇನು ಹೇಳೀತು!

ಇಂದು ಹೊಸಬನ ಮುಂದೆ ಇರುವ ದಾರಿಗಳಲ್ಲಿ ಪೈಥಾನ್ ಎಲ್ಲರ ಬಾಯಲ್ಲೂ ಇದೆ, ಸಕಾರಣವಾಗಿಯೇ. ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆಯ ವಾಕ್ಯಗಳು ತಿಳಿಯಾಗಿವೆ, ಓದಿದರೆ ಅರ್ಥವಾಗುತ್ತವೆ. ಟಿಕಿಂಟರ್ ಎಂಬ ಕಿಟಕಿ ಕಟ್ಟುವ ಸಾಧನ ಸಾಮಾನ್ಯವಾಗಿ ಅದರ ಜೊತೆಯಲ್ಲೇ ಬರುತ್ತದೆ. ಎಲ್ಲ ಲೆಕ್ಕವನ್ನೂ ಒಂದೇ ಕಡತದಲ್ಲಿಡುವ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯವೂ 2006ರಿಂದ ಅದರ ಒಳಗೇ ಇದೆ. ಕಲಿಯಲು ಇದಕ್ಕಿಂತ ಸುಲಭವಾದದ್ದು ಕಷ್ಟ. ಆದರೆ ಕಲಿಯುವವನ ಯಂತ್ರದಿಂದ ಬಳಸುವವರ ಯಂತ್ರಕ್ಕೆ ದಾಟಿಸುವಾಗ ತೊಡಕು ಶುರುವಾಗುತ್ತದೆ. ಆ ಯಂತ್ರದಲ್ಲಿಯೂ ಪೈಥಾನ್ ಇರಬೇಕು, ಇಲ್ಲವೇ ಪೈಇನ್‌ಸ್ಟಾಲರ್‌ನಂಥ ಸಾಧನದಿಂದ ಭಾಷೆಯನ್ನೇ ಮೂಟೆ ಕಟ್ಟಿ ತಂತ್ರಾಂಶದ ಜೊತೆಗೆ ಹೊರಿಸಬೇಕು. ಹಾಗೆ ಕಟ್ಟಿದ ಮೂಟೆಯನ್ನು ಕೆಲವೊಮ್ಮೆ ವೈರಸ್ ತಡೆಯುವ ತಂತ್ರಾಂಶಗಳು ಕಳ್ಳನೆಂದು ಹಿಡಿಯುವುದೂ ಉಂಟು. ಮಗ ಕಾಲೇಜಿನಲ್ಲಿರುವಾಗ ಈ ತಕರಾರು ಬಂದರೆ ಹಳ್ಳಿಯಲ್ಲಿರುವ ತಾಯಿ ಏನು ಮಾಡಬೇಕು?

ಜಾವಾ ಎಲ್ಲ ಕಡೆ ನಡೆಯುತ್ತದೆ, ಆದರೆ ಮೊದಲ ಕಿಟಕಿಗೆ ಅದರ ಮಾತು ಹೆಚ್ಚು. ಎಲೆಕ್ಟ್ರಾನ್ ಎಂಬುದೊಂದಿದೆ, ಜಾಲತಾಣ ಕಟ್ಟಲು ಬಲ್ಲವರು ಅದನ್ನೇ ಬಳಸಿ ಡೆಸ್ಕ್‌ಟಾಪ್ ತಂತ್ರಾಂಶವನ್ನೂ ಕಟ್ಟಬಹುದು. ಆದರೆ ಅಂಥ ಪ್ರತಿಯೊಂದು ತಂತ್ರಾಂಶವೂ ಒಂದು ಇಡೀ ಬ್ರೌಸರನ್ನು ಬೆನ್ನ ಮೇಲೆ ಹೊತ್ತು ತರುತ್ತದೆ. ನಾಲ್ಕು ಜಿ.ಬಿ. ಸ್ಮರಣೆಯ ಹಳೆಯ ಲ್ಯಾಪ್‌ಟಾಪಿಗೆ ಹದಿನೈದು ಹೆಂಗಸರ ಉಳಿತಾಯ ತೋರಿಸಲು ಇಷ್ಟು ಭಾರ ಏಕೆ?

ಲಜಾರಸ್ ಬಗ್ಗೆ ನನಗೆ ಒಳಗೊಳಗೇ ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಅದು ಪ್ಯಾಸ್ಕಲ್ ಭಾಷೆಯ ಮನೆತನಕ್ಕೆ ಸೇರಿದ್ದು. ಸ್ವಿಟ್ಜರ್ಲೆಂಡಿನ ನಿಕ್ಲೌಸ್ ವಿರ್ತ್ 1970ರಲ್ಲಿ ಪ್ಯಾಸ್ಕಲನ್ನು ಪ್ರಕಟಿಸಿದ್ದೇ ವಿದ್ಯಾರ್ಥಿಗಳಿಗೆ ಅಚ್ಚುಕಟ್ಟಾಗಿ ಕಲಿಸುವುದಕ್ಕಾಗಿ. 2024ರ ಜನವರಿ ಒಂದರಂದು ಅವರು ತೀರಿಕೊಂಡ ಸುದ್ದಿ ಓದಿದಾಗ, ಎಂದೂ ಕಾಣದ ನನ್ನ ಗುರುಗಳೊಬ್ಬರು ಹೋದಂತಾಯಿತು. ಲಜಾರಸ್‌ನಲ್ಲಿ ಗುಂಡಿಗಳನ್ನು ಎಳೆದು ಕಿಟಕಿಯಲ್ಲಿ ಕೂರಿಸಬಹುದು, ಕೊನೆಗೆ ಸಿಗುವುದು ಬೇರೇನನ್ನೂ ಬೇಡದ ಒಂದೇ ಕಡತ, ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ ಮುಗಿಯಿತು. ಹಣವೂ ಕೊಡಬೇಕಾಗಿಲ್ಲ. ಕೊರತೆಯೆಂದರೆ ಸಿಕ್ಕಿಬಿದ್ದಾಗ ಕೇಳಲು ಪಕ್ಕದಲ್ಲಿ ಜನರಿಲ್ಲ. ಅವನ ತರಗತಿಯ ಅರವತ್ತು ಹುಡುಗರಲ್ಲಿ ಒಬ್ಬನಿಗೂ ಅದರ ಹೆಸರು ಗೊತ್ತಿಲ್ಲ. ಒಬ್ಬನೇ ಕಲಿಯುವ ವಿದ್ಯೆ ಬೇಗ ಬಾಡುತ್ತದೆ. ಇದನ್ನು ನಾನು ಸಂಸ್ಕೃತ ಕಲಿಯಲು ಹೋಗಿ ಅನುಭವಿಸಿದ್ದೇನೆ, ಆ ಕಥೆ ಇನ್ನೊಮ್ಮೆ.

ಉಳಿದದ್ದು ಸಿ ಶಾರ್ಪ್, ಅದರ ಜೊತೆಗೆ ವಿಂಡೋಸ್ ಫಾರ್ಮ್ಸ್ ಎಂಬ ಕಿಟಕಿ ಕಟ್ಟುವ ಸಾಧನ. ನಾನು ಹುಡುಗನಿಗೆ ಹೇಳಿದ್ದು ಇದನ್ನೇ. ಟರ್ಬೊ ಪ್ಯಾಸ್ಕಲ್, ಡೆಲ್ಫಿಗಳನ್ನು ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಅವರೇ ಮೈಕ್ರೋಸಾಫ್ಟಿಗೆ ಹೋಗಿ 2000ದಲ್ಲಿ ಈ ಭಾಷೆಯನ್ನು ಹೊರತಂದರು, ಆದುದರಿಂದ ಪ್ಯಾಸ್ಕಲಿನ ಶಿಸ್ತು ಅದರಲ್ಲಿ ಸ್ವಲ್ಪ ಉಳಿದಿದೆ ಎಂದು ನನ್ನ ಸಮಾಧಾನ. ವಿಷುಯಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿ ವಿದ್ಯಾರ್ಥಿಗಳಿಗೆ ಉಚಿತ. ನಮ್ಮ ಹಳೆಯ ವಿಷುಯಲ್ ಬೇಸಿಕ್ಕಿನಂತೆಯೇ ಗುಂಡಿಯನ್ನು ಎಳೆದು ತಂದು ಕೂರಿಸಿ, ಅದರ ಮೇಲೆ ಎರಡು ಸಲ ಒತ್ತಿ, ಒತ್ತಿದಾಗ ಏನಾಗಬೇಕೆಂದು ಬರೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 2019ರ ಮೇ ತಿಂಗಳಿನ ನಂತರದ ವಿಂಡೋಸ್ 10 ಆವೃತ್ತಿಗಳಲ್ಲಿ ಮತ್ತು ವಿಂಡೋಸ್ 11ರಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಮೊದಲೇ ನೆಲೆಸಿದೆ. ಅದಕ್ಕೆಂದು ಬರೆದ ಚಿಕ್ಕ ತಂತ್ರಾಂಶ ತಾಯಿಯ ಲ್ಯಾಪ್‌ಟಾಪಿನಲ್ಲಿ ಬೇರೇನನ್ನೂ ಸ್ಥಾಪಿಸದೆ ತೆರೆದುಕೊಳ್ಳುತ್ತದೆ. ಡಾಟ್‌ನೆಟ್‌ನ ಹೊಸ ಆವೃತ್ತಿಗಳಲ್ಲಿ ಬರೆಯಬೇಕೆಂದು ತಿಳಿದವರು ಹೇಳುತ್ತಾರೆ, ಹೊಸ ಕೆಲಸಕ್ಕೆ ಅದೇ ಸರಿ ಕೂಡ. ಆದರೆ ಆಗ ಆ ಹೊಸ ಡಾಟ್‌ನೆಟ್ಟನ್ನೂ ಜೊತೆಯಲ್ಲಿ ಒಯ್ಯಬೇಕು. ಮೊದಲ ಕಿಟಕಿಗೆ ನಾನು ಹಳೆಯದರ ಪರ.

ಇಲ್ಲಿ ಕನ್ನಡದ ವಿಷಯವನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. 2003ರಲ್ಲಿ ನಾನು ಬರೆದ ಅಂಕಪಟ್ಟಿಯ ತಂತ್ರಾಂಶಕ್ಕೆ ಬಂದ ಗತಿ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಇದ್ದುದು ವಿಂಡೋಸ್ 98. ಕನ್ನಡಕ್ಕೆ ಯೂನಿಕೋಡ್ ಸಂಕೇತಗಳು 1991ರಲ್ಲೇ ಸಿದ್ಧವಾಗಿದ್ದರೂ, ತುಂಗಾ ಅಕ್ಷರವಿನ್ಯಾಸದೊಡನೆ ಕನ್ನಡ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಬಂದ ಮೇಲೂ ವಿಷುಯಲ್ ಬೇಸಿಕ್ ಆರರ ಮೂಲ ಪೆಟ್ಟಿಗೆಗಳಿಗೆ ಯೂನಿಕೋಡ್ ತಿಳಿಯುತ್ತಿರಲಿಲ್ಲ, ಕನ್ನಡ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಲ್ಲುತ್ತಿದ್ದವು. ಆದುದರಿಂದ ಎಲ್ಲರಂತೆ ನಾನೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಕ್ಷರವಿನ್ಯಾಸವೊಂದನ್ನು ಬಳಸಿದೆ. ಪರದೆಯ ಮೇಲೆ ಕನ್ನಡ, ಒಳಗೆ ಕಡತದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕೆಲವು ವರ್ಷಗಳ ನಂತರ ಹೊಸ ಯಂತ್ರಗಳು ಬಂದವು, ಆ ಅಕ್ಷರವಿನ್ಯಾಸ ಅವುಗಳಲ್ಲಿ ಇರಲಿಲ್ಲ. ಕಡತ ತೆರೆದರೆ ಐದು ವರ್ಷಗಳ ಮಕ್ಕಳ ಹೆಸರುಗಳೆಲ್ಲ ಕಾಗೆ ಕಾಲು ಗುಬ್ಬಿ ಕಾಲಾಗಿದ್ದವು. ಕಾಗದದ ದಾಖಲೆ ಬೀರುವಿನಲ್ಲಿ ಇದ್ದುದರಿಂದ ಮಾನ ಉಳಿಯಿತು. ಯಾರನ್ನೂ ದೂರುವುದಿಲ್ಲ. ಹತ್ತು ವರ್ಷದ ನಂತರ ಇದನ್ನು ಯಾರು ಓದುತ್ತಾರೆ ಎಂದು ನಾನು ಯೋಚಿಸಿರಲಿಲ್ಲ, ಅಷ್ಟೆ.

ಇಂದು ಈ ಕಷ್ಟ ಬಹುಮಟ್ಟಿಗೆ ತೀರಿದೆ, ಪೂರ್ತಿಯಾಗಿ ಅಲ್ಲ. ಪೈಥಾನಿನ ಟಿಕಿಂಟರ್ ವಿಂಡೋಸ್‌ನಲ್ಲಿ ಕನ್ನಡವನ್ನು ಸರಿಯಾಗಿಯೇ ತೋರಿಸುತ್ತದೆ. ಅದೇ ಕ್ರಮವಿಧಿಯನ್ನು ಲಿನಕ್ಸ್‌ನಲ್ಲಿ ನಡೆಸಿದಾಗ, ಟಿಕೆಯ 8.6 ಆವೃತ್ತಿಯಲ್ಲಿ, ಒತ್ತಕ್ಷರಗಳು ಒತ್ತಾಗದೆ ಬಿಡಿಬಿಡಿಯಾಗಿ ನಿಂತವು. ಲಿನಕ್ಸ್ ಬಳಸುವವರು ಕ್ಯೂಟಿಯನ್ನು ಆಧರಿಸಿದ ಪೈಸೈಡ್ ಹಿಡಿಯುವುದು ಒಳ್ಳೆಯದು, ಅದರಲ್ಲಿ ಅಕ್ಷರಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ಭಾಷೆಯನ್ನು ಆರಿಸುವ ಮುನ್ನ ಖಾಲಿ ಕಿಟಕಿಯಲ್ಲಿ "ಶ್ರೀಲಕ್ಷ್ಮಿ" ಎಂದು ಬರೆಸಿ ನೋಡು ಎಂದು ಹುಡುಗನಿಗೆ ಹೇಳಿದೆ. ಆ ಹೆಸರು ನೆಟ್ಟಗೆ ಕಂಡರೆ ಉಳಿದವೂ ಕಾಣುತ್ತವೆ.

ಇನ್ನೂ ಒಂದು ಸೋಜಿಗವಿದೆ. "ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ, ಸಿ ಶಾರ್ಪ್ ಕೂಡ ಐದು ಎನ್ನುತ್ತದೆ, ಏಕೆಂದರೆ ಅವು ಕ, ನ, ಒತ್ತು ಕೊಡುವ ಚಿಹ್ನೆ, ಮತ್ತೊಂದು ನ, ಡ ಎಂದು ಎಣಿಸುತ್ತವೆ. ಸಿ ಭಾಷೆಯಲ್ಲಿ, ಯುಟಿಎಫ್-8ರಲ್ಲಿ ಬರೆದ ಅದೇ ಪದವನ್ನು ಅಳೆದರೆ ಹದಿನೈದು ಬರುತ್ತದೆ, ಅದು ಬೈಟುಗಳನ್ನು ಎಣಿಸುತ್ತದೆ. ಅಕಾರಾದಿಯಾಗಿ ಜೋಡಿಸುವಾಗಲೂ ಹೀಗೆಯೇ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು, ಯೂನಿಕೋಡಿನ ಸಾಲಿನಲ್ಲಿ ಅದು ಲ ಆದೊಡನೆ ಬರುತ್ತದೆ. ಬರಿಯ ಸಂಕೇತಸಂಖ್ಯೆಯನ್ನು ನಂಬಿ ಜೋಡಿಸಿದರೆ "ಕಳಸ" ಎಂಬುದು "ಕವನ" ಎಂಬುದಕ್ಕಿಂತ ಮೊದಲು ಬಂದು ಕೂರುತ್ತದೆ. ನಿಘಂಟಿನಲ್ಲಿ ಹಾಗಿಲ್ಲ. ಇದನ್ನು ಇಂಗ್ಲಿಷಿನ ಪಾಠಪುಸ್ತಕ ನಮ್ಮ ಹುಡುಗರಿಗೆ ಹೇಳಿಕೊಡುವುದಿಲ್ಲ, ನಾವೇ ಹೇಳಬೇಕು.

ಹಣದ ಲೆಕ್ಕದ ವಿಷಯದಲ್ಲಿ ಗಣಿತದ ಮೇಷ್ಟ್ರು ಸುಮ್ಮನಿರಲಾಗುವುದಿಲ್ಲ. ಹತ್ತು ಪೈಸೆಯನ್ನು 0.1 ಎಂದು ಬರೆದು ಪೈಥಾನಿನಲ್ಲಿ ಒಂದೊಂದಾಗಿ ಹತ್ತು ಸಲ ಕೂಡಿಸುತ್ತ ಹೋಗಿ, ಒಂದು ರೂಪಾಯಿ ಬರುವುದಿಲ್ಲ. 0.9999999999999999 ಬರುತ್ತದೆ. ಇದು ಆ ಭಾಷೆಯ ದೋಷವಲ್ಲ. ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತರಲ್ಲೊಂದು ಭಾಗ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ. ಎಂಟನೆಯ ತರಗತಿಯಲ್ಲಿ ಆವರ್ತ ದಶಮಾಂಶವನ್ನು ಏಕೆ ಕಲಿಯಬೇಕೆಂದು ಕೇಳುತ್ತಿದ್ದವರು ಈಗಲಾದರೂ ಉತ್ತರವನ್ನು ಗಮನಿಸಿರಿ. ಸಿ ಶಾರ್ಪ್‌ನಲ್ಲಿ ಹಣಕ್ಕೆಂದೇ ಡೆಸಿಮಲ್ ಎಂಬ ಬಗೆ ಭಾಷೆಯ ಒಳಗೇ ಇದೆ. ಪೈಥಾನಿನಲ್ಲಿಯೂ ಅದೇ ಹೆಸರಿನ ಒಂದು ಘಟಕವಿದೆ, ಆದರೆ ಬೇಕೆಂದು ಕೇಳಿ ತರಿಸಿಕೊಳ್ಳಬೇಕು. ಸಂಘದ ಹೆಂಗಸರು ಐದು ಪೈಸೆಯ ವ್ಯತ್ಯಾಸಕ್ಕೂ ಪುಸ್ತಕ ಮುಚ್ಚಲು ಬಿಡುವವರಲ್ಲ.

ಎಳೆದು ಕೂರಿಸುವ ಈ ವಿಧಾನಕ್ಕೆ ಒಂದು ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದೇ. ಗುಂಡಿಯ ಮೇಲೆ ಎರಡು ಸಲ ಒತ್ತಿದ ಹೊಸಬ, ಎಲ್ಲ ಲೆಕ್ಕವನ್ನೂ ಆ ಗುಂಡಿಯ ಕೆಳಗೇ ತುಂಬುತ್ತಾನೆ. ನನ್ನ ಅಂಕಪಟ್ಟಿಯಲ್ಲಿ ಹಾಗೆಯೇ ಆಗಿತ್ತು, "ಫಲಿತಾಂಶ" ಎಂಬ ಒಂದೇ ಗುಂಡಿಯ ಹಿಂದೆ ನಾನೂರು ಸಾಲು. ದರ್ಜೆ ಕೊಡುವ ಕ್ರಮ ಬದಲಾದ ವರ್ಷ ಆ ನಾನೂರು ಸಾಲಿನ ಕಾಡಿನಲ್ಲಿ ಮೂರು ದಿನ ಅಲೆದೆ. 2002ರಲ್ಲಿ ಬಂದ ಡಾಟ್‌ನೆಟ್ ಪೀಳಿಗೆಯ ವಿಷುಯಲ್ ಬೇಸಿಕ್ಕಿಗೂ ಹಳೆಯದಕ್ಕೂ ನೆಂಟಸ್ತನ ಹೆಸರಿನಲ್ಲಿ ಮಾತ್ರ ಇದ್ದುದರಿಂದ, ಕೊನೆಗೆ ಆ ಇಡೀ ಬರಹವನ್ನು ಬಿಟ್ಟೇ ಬಿಡಬೇಕಾಯಿತು. ಪೈಥಾನಿಗೂ ಇಂಥ ಕಂದಕ ತಪ್ಪಲಿಲ್ಲ. 2008ರಲ್ಲಿ ಬಂದ ಮೂರನೆಯ ಆವೃತ್ತಿಯನ್ನು ಎರಡನೆಯದರಲ್ಲಿ ಬರೆದವರು ದಾಟಿ ಮುಗಿಸುವಷ್ಟರಲ್ಲಿ 2020 ಬಂದಿತ್ತು. ಆದುದರಿಂದ ಹುಡುಗನಿಗೆ ಒಂದೇ ಕಟ್ಟುನಿಟ್ಟು ಮಾಡಿದೆ. ಬಡ್ಡಿ ಲೆಕ್ಕ ಹಾಕುವ ಭಾಗಕ್ಕೆ ಕಿಟಕಿಯಿದೆಯೆಂಬುದೇ ಗೊತ್ತಿರಬಾರದು, ಅದನ್ನು ಪ್ರತ್ಯೇಕವಾಗಿ ಬರೆ. ಕಡತಗಳನ್ನು ಎಸ್‌ಕ್ಯೂಲೈಟ್‌ನಲ್ಲಿಡು, ಹೆಸರುಗಳನ್ನು ಯೂನಿಕೋಡಿನಲ್ಲಿಡು. ನಾಳೆ ಸಿ ಶಾರ್ಪನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಅಮ್ಮನ ಲೆಕ್ಕ ನಿನ್ನ ಜೊತೆಗೆ ಬರಬೇಕು.

ಇದನ್ನು ಎಲ್ಲರಿಗೂ ಒಂದೇ ಮದ್ದು ಎಂದು ಕೊಡುತ್ತಿಲ್ಲ. ಶಾಲೆಯಲ್ಲಿ ಆಗಲೇ ಪೈಥಾನ್ ಹಿಡಿದಿರುವ ಮಕ್ಕಳು ಅದನ್ನು ಬಿಟ್ಟು ಓಡಬೇಕಾಗಿಲ್ಲ, ಅದರಲ್ಲೇ ಕಿಟಕಿ ಕಟ್ಟಲಿ. ಆದರೆ ಸಿ ಪ್ಲಸ್ ಪ್ಲಸ್ ಬಾರದವನು ಪ್ರೋಗ್ರಾಮರನಲ್ಲ ಎಂದು ಯಾರಾದರೂ ನಿಮ್ಮ ಮಕ್ಕಳಿಗೆ ಹೇಳಿದರೆ, ಹೇಳಿದವರಿಗೆ ಅದು ಬರುತ್ತದೆಯೇ ಎಂದು ಮೊದಲು ವಿಚಾರಿಸಿ. ಮಂಡಿಯ ಹುಡುಗನಿಗೂ ಈ ಬರಹವನ್ನು ಕಳುಹಿಸುತ್ತಿದ್ದೇನೆ. ಅವನಿಗೆ ನಲವತ್ತು ತುಂಬುತ್ತ ಬಂದಿದೆ, ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಇಬ್ಬರೂ ಒಂದು ಭಾನುವಾರ ಬಂದರೆ ನನಗೆ ತಿಳಿದಷ್ಟನ್ನು, ತಿಳಿದಷ್ಟನ್ನೇ, ತೋರಿಸುತ್ತೇನೆ.

ತಂಗಿಯ ಮೊಮ್ಮಗ ಎರಡು ತಿಂಗಳಲ್ಲಿ ಕಿಟಕಿಯನ್ನು ಮುಗಿಸಿ ದೀಪಾವಳಿಗೆ ಊರಿಗೆ ಹೋಗುವಾಗ ಒಯ್ದ. ಹದಿನೈದು ಹೆಸರುಗಳನ್ನು ನಾನು ಕಲಿಸಿದಂತೆ ಶುದ್ಧ ಅಕಾರಾದಿಯಲ್ಲಿ, ಳಕಾರವನ್ನು ಅದರ ಜಾಗದಲ್ಲಿಟ್ಟು, ಜೋಡಿಸಿದ್ದ. ಮರುದಿನ ರಾತ್ರಿ ಸೊಸೆಯ ಫೋನ್ ಬಂತು. "ಮಾವ, ಲೆಕ್ಕ ಎಲ್ಲ ಸರಿ ಬಂತು. ಹೆಸರು ಮಾತ್ರ ಹಿಂದೆ ಮುಂದೆ ಆಗಿದೆ, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ನಾವು ಸಭೆಯಲ್ಲಿ ಕೂರುವ ಸಾಲಿನಂತೆ ಬರುವ ಹಾಗೆ ಮಾಡಿಸಿ ಕೊಡಿ. ದುಡ್ಡಿನ ಡಬ್ಬ ಆ ಸಾಲಿನಲ್ಲೇ ತಿರುಗುವುದು."

ಹುಡುಗ ಈಗ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸುತ್ತಿದ್ದಾನೆ.